ಮಾನೌಮಿಗೆ ನಿಂತ ಪಟ್ಟಿ

ಎಳ್ಳಮಾಸಿಯ ದಿನ, ಅಂದರೆ ಎಳ್ಳು ಅಮಾವಾಸ್ಯೆಯಂದು, ಹೊಲದಲ್ಲಿ ಚರಗವೆಂದು ಭೂಮಿತಾಯಿಗೆ ಚೆಲ್ಲುವ ಅಡಿಗೆಯನ್ನು ನಮ್ಮ ಮನೆತನದಲ್ಲಿ ಇನ್ನೊಬ್ಬರ ಒಲೆಯಿಂದ ತರುವಂತಿಲ್ಲ. ಸಜ್ಜಿ ಕಡಬು ಎಷ್ಟೇ ಚೆಂದ ಆಗಿರಲಿ, ಬೀಗರೇ ಬುತ್ತಿ ಕಟ್ಟಿ ಕಳಿಸಿರಲಿ, ಅದನ್ನು ನಾವು ಉಣ್ಣಬಹುದು, ಭೂಮಿತಾಯಿಗೆ ಚೆಲ್ಲುವಂತಿಲ್ಲ. ಹಿಟ್ಟು ಎರವಲು ತಂದರೆ ನಡೆಯುತ್ತದೆ, ಬೆಲ್ಲ ತಂದರೂ ನಡೆಯುತ್ತದೆ. ಬೆಂಕಿ ಮಾತ್ರ ಮನೆಯದೇ ಆಗಬೇಕು.

ಈ ರೂಢಿಯನ್ನು ಕಂಪ್ಯೂಟರಿಗೆ ಹಚ್ಚಿದವನು ನನ್ನ ಕಾಕಾ, ಅಂದರೆ ಅಪ್ಪನ ತಮ್ಮ. ಸಾಲೋಟಗಿಯ ಸಾಲಿಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನಿವೃತ್ತಿಯ ಮರುದಿನದಿಂದ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಿಡಿದು ಕೂತ. ವರ್ಷದ ಹನ್ನೆರಡು ಅಮಾಸಿಗಳು ಯಾವ ದಿನ, ಯಾವ ಗಳಿಗೆಗೆ ಹತ್ತುತ್ತವೆ, ಯಾವ ಗಳಿಗೆಗೆ ಇಳಿಯುತ್ತವೆ ಎಂದು ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಬರೆದ. ಗೋಡೆಯ ಕ್ಯಾಲೆಂಡರು ಇರಲಿಲ್ಲವೇ ಅಂದರೆ ಇತ್ತು. ಆದರೆ ನಮ್ಮಲ್ಲಿ ಅಮಾಸಿ ಹತ್ತಿದ ಗಳಿಗೆಯಿಂದ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಈಗ ಮೂರು ಮನೆಗಳಲ್ಲಿ ಎತ್ತೇ ಇಲ್ಲ, ಟ್ರ್ಯಾಕ್ಟರ್ ಇದೆ. ಆ ಗಳಿಗೆಗೆ ಟ್ರ್ಯಾಕ್ಟರಿನ ಚಾವಿ ದೇವರ ಜಗಲಿಯ ಮೇಲೆ ಹೋಗಿ ಕೂಡುತ್ತದೆ. ಅದಕ್ಕೇ ಗಳಿಗೆ ಬೇಕು.

ಸಾಲೋಟಗಿಯ ಕಾಕಾನ ಮನೆ ಬಿಟ್ಟು ನಮ್ಮವು ನಾಲ್ಕು ಮನೆ. ಇಂಡಿಯಲ್ಲಿ ನಾನು, ಸಿಂದಗಿಯಲ್ಲಿ ಸೋದರತ್ತಿ, ಬಸವನ ಬಾಗೇವಾಡಿಯಲ್ಲಿ ತಮ್ಮ, ಮುದ್ದೇಬಿಹಾಳದಲ್ಲಿ ಕಾಕಾನ ಮಗಳು, ನನಗೆ ಅಕ್ಕ. ಕಾಕಾ ಒಂದು ಕಡೆ ಲೆಕ್ಕ ಮಾಡಿ ನಾಲ್ಕು ಕಡೆ ಕಾಗದ ಕಳಿಸಿದ್ದರೆ ಸುಲಭವಿತ್ತು. ಅವನು ಒಪ್ಪಲಿಲ್ಲ. "ಒಬ್ಬರ ಒಲಿ ಮ್ಯಾಲ ಕುದ್ದದ್ದು ಇನ್ನೊಬ್ಬರ ಹೊಲಕ್ಕ ನಡೆಯೂದಿಲ್ಲೋ" ಎಂದು ನಕ್ಕ. ಪ್ರೋಗ್ರಾಮಿನ ಸೋರ್ಸನ್ನು, ಅಂದರೆ ಮನುಷ್ಯ ಓದಬಹುದಾದ ಮೂಲ ಬರಹವನ್ನು, ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಪ್ರತಿ ಮನೆಗೆ ಹೋಗಿ ಆ ಮನೆಯ ಯಂತ್ರದಲ್ಲೇ ಕಂಪೈಲ್ ಮಾಡುತ್ತಿದ್ದ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರುತ್ತಿದ್ದ. ಸೋರ್ಸು ಹಿಟ್ಟು, ಕಂಪೈಲರ್ ಒಲೆ. ಮೊದಲು ಅದು ಚೇಷ್ಟೆ. ಎರಡನೇ ವರ್ಷಕ್ಕೆ ರೂಢಿ ಆಯಿತು. ಮೂರನೇ ವರ್ಷಕ್ಕೆ ಶಾಸ್ತ್ರ. ನಮ್ಮ ಮಂದಿಗೆ ಶಾಸ್ತ್ರ ಹುಟ್ಟಿಸಲು ಮೂರು ವರ್ಷ ಸಾಕು.

ಕಾಕಾನದೂ ಸೇರಿ ಯಂತ್ರಗಳು ಐದೂ ಬೇರೆ ಬೇರೆ ಕಾಲದವು. ಅವಕ್ಕೆ ನಾಲ್ಕು ಬಗೆಯ ಲಿನಕ್ಸ್ ಹಾಕಿದ್ದ. ನನಗೂ ಅಕ್ಕನಿಗೂ ಡೆಬಿಯನ್, ಸೋದರತ್ತಿಗೆ ಉಬುಂಟು, ತಮ್ಮನಿಗೆ ಫೆಡೋರಾ. ತನಗೆ ಮಾತ್ರ ಜೆಂಟೂ, ಅದರಲ್ಲಿ ಸಿದ್ಧ ಅಡಿಗೆ ಅನ್ನುವುದು ಕಡಿಮೆ, ಹೆಚ್ಚುಕಡಿಮೆ ಎಲ್ಲವನ್ನೂ ಮೂಲದಿಂದಲೇ ಬೇಯಿಸಿಕೊಳ್ಳಬೇಕು. ಒಂದು ಸಲ ಹಚ್ಚಿ ಕೂತನೆಂದರೆ ಎರಡು ದಿನ ಪರದೆಯ ಮೇಲೆ ಅಕ್ಷರ ಹರಿಯುತ್ತಿದ್ದವು. ಕಾಕಾ ಅದರ ಮುಂದೆ ಶೇಂಗಾ ಸುಲಿಯುತ್ತ ಕೂಡುತ್ತಿದ್ದ.

ಹೋದ ವರ್ಷ ಮಾನೌಮಿ ಅಮಾಸಿ, ಅಂದರೆ ಮಹಾನವಮಿಗೆ ಮೊದಲಿನ ಅಮಾಸಿ, ಆಗಿ ಒಂಬತ್ತನೇ ದಿನ, ಮಧ್ಯಾಹ್ನ ಉಂಡು ಮಲಗಿದ ಕಾಕಾ ಏಳಲಿಲ್ಲ. ಅವನ ಮೇಜಿನ ಗಾಜಿನ ಕೆಳಗೆ, ಅವನದೇ ಯಂತ್ರದಲ್ಲಿ ತೆಗೆದ ಆ ವರ್ಷದ ಪಟ್ಟಿ ಸಿಕ್ಕಿತು. ಅಕ್ಷತ್ತದಿಗಿ ಅಮಾಸಿ, ಬಾದಾಮಿ ಅಮಾಸಿ, ಮಣ್ಣೆತ್ತಿನ ಅಮಾಸಿ, ನಾಗರ ಅಮಾಸಿ, ಬೆನಕನ ಅಮಾಸಿ, ಮಾನೌಮಿ ಅಮಾಸಿ. ಮುಂದೆ ಬಿಳಿ ಕಾಗದ. ನಮ್ಮ ನಾಲ್ಕೂ ಮನೆಗಳಿಗೆ ಅವನೇ ತೆಗೆದುಕೊಟ್ಟ ಪಟ್ಟಿಗಳಲ್ಲಿ ಹನ್ನೆರಡೂ ಇದ್ದವು. ತನ್ನದರಲ್ಲಿ ಮಾತ್ರ ಆರು.

ದಿನಕರ್ಮಕ್ಕೆ ಬಂದವರೆಲ್ಲ ಆ ಕಾಗದ ಕೈಯಿಂದ ಕೈಗೆ ದಾಟಿಸಿ ನೋಡಿದರು. "ಗೊತ್ತಿತ್ತವಗ" ಎಂದರು. ನಾನು "ಏನೋ ತಪ್ಪಾಗಿರತೈತಿ" ಎಂದೆ. ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಲಿಲ್ಲ.

ನನ್ನ ಬಗ್ಗೆ ಇಷ್ಟು ಹೇಳಬೇಕು. ಇಂಡಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕನಾಗಿದ್ದೇನೆ. ವಯಸ್ಸು ಐವತ್ತರ ಅಂಚು. ನನ್ನ ನಿಜವಾದ ಉದ್ಯೋಗ ಚಿಂತೆ, ಲ್ಯಾಬಿನದು ಬಿಡುವಿನ ವೇಳೆಯದು. ಮನೆಗೆ ಕೀಲಿ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಕೀಲಿ ಬಿದ್ದಿದೆಯೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವ ಮನುಷ್ಯ. ಗ್ಯಾಸಿನ ತಿರುವನ್ನು ಆರಿಸಿದ ಮೇಲೂ ಎರಡು ಸಲ ಆರಿಸುತ್ತೇನೆ. "ನಿಮ್ಮ ಕೈಯಾಗ ಆ ತಿರುವು ಸವದು ಹೋದೀತು" ಎಂದು ಹೆಂಡತಿ ಅನ್ನುತ್ತಾಳೆ. ಕಾಕಾನ ನಂತರ ಪೆನ್‌ಡ್ರೈವು ಇಂಥವನ ಕೈಗೆ ಬಂತು.

ಈ ವರ್ಷ ಉಗಾದಿಗೆ ವಾರ ಮೊದಲು ಹೊರಟೆ. ಇಂಡಿಯಲ್ಲಿ ನನ್ನ ಮನೆಯದು ಮೊದಲ ಸಲಕ್ಕೇ ಆಯಿತು. ಸಿಂದಗಿಯಲ್ಲಿ ಅದೇ ಸೋರ್ಸು ಮೊಂಡು ಹಿಡಿಯಿತು. ಗಣಿತದ ಲೈಬ್ರರಿಯ, ಅಂದರೆ ಸಿದ್ಧ ಲೆಕ್ಕಗಳ ಕಟ್ಟಿನ, ಹೆಸರನ್ನು ಆಜ್ಞೆಯ ಸಾಲಿನಲ್ಲಿ ನಡುವೆ ಬರೆದಿದ್ದೆ. ನಮ್ಮ ಇಂಡಿಯ ಯಂತ್ರ ಅದನ್ನು ಸುಮ್ಮನೆ ಒಪ್ಪಿಕೊಂಡಿತ್ತು, ಇದು ಕೊನೆಯಲ್ಲೇ ಬರಬೇಕು ಎಂದು ಹಟ ಮಾಡಿತು. ಅತ್ತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನೋ, ಕುದೀತೇನ ನಿಮ್ಮ ಕಾಕಾನ ಸಾರು?"

"ಇನ್ನೊಂದೀಟ ತಡೀ ಅತ್ತಿ."

"ಅಂವ ಇದ್ದಾಗ ನಾ ಚಾ ಇಡೂದ್ರಾಗ ಆಗತಿತ್ತು. ನಿನ್ನ ಕೈಯಾಗ ಹುಗ್ಗಿನೂ ಕುದಿಯಾಂಗಿಲ್ಲ."

ಬಾಗೇವಾಡಿಯಲ್ಲಿ ತಮ್ಮನ ಯಂತ್ರದ ಕಂಪೈಲರು ಹೊಸದು, ಕಟ್ಟುನಿಟ್ಟಿನದು. ಮೊದಲೇ ಹೆಸರು ಹೇಳದ ಯಾವ ಲೆಕ್ಕವನ್ನೂ ಒಳಗೆ ಬಿಡುವುದಿಲ್ಲ ಎಂದಿತು. ಕಾಕಾ ಹಳೇ ಕಾಲದವನು, ಒಂದೆರಡು ಕಡೆ ಹೇಳದೆ ಕೇಳದೆ ಒಳಗೆ ನುಗ್ಗಿಸಿದ್ದ. ತಿದ್ದಿದೆ. ಹನ್ನೆರಡು ಅಮಾಸಿ ಬಂದವು. ಎರಡೂ ಊರಲ್ಲಿ ಪಟ್ಟಿಯನ್ನು ನಾಲ್ಕು ನಾಲ್ಕು ಸಲ ಎಣಿಸಿದೆ.

ಮುದ್ದೇಬಿಹಾಳ ತಲುಪಿದಾಗ ಮಟಮಟ ಮಧ್ಯಾಹ್ನ. ಅಕ್ಕನ ಹಳೇ ಯಂತ್ರದ ವೈರನ್ನು ಇಲಿ ಕಡಿದಿತ್ತು, ಹಾಗಾಗಿ ಕಾಕಾನ ಯಂತ್ರವನ್ನೇ ಸಾಲೋಟಗಿಯಿಂದ ತಂದು ಜೋಳದ ಚೀಲ ಪೇರಿಸಿದ ಕೋಲಿಯಲ್ಲಿ ಇಟ್ಟಿದ್ದರು. ಆ ಕೋಲಿಗೆ ಒಂದೇ ಸಣ್ಣ ಕಿಟಕಿ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಒಳಗೆ ಹುಳಕು ಜೋಳದ ವಾಸನೆ. ಸ್ವಿಚ್ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದವು:

"ಬಂದ್ಯಾ? ಚಾ ಕುಡದ ಕೂಡು."

ತನ್ನ ಯಂತ್ರ ಹಚ್ಚಿದವರಿಗೆ ಹಾಗೆ ಅನ್ನಲಿ ಎಂದು ಕಾಕಾ ಬರೆದಿಟ್ಟಿದ್ದ ಸಾಲು ಅದು. ನನಗೆ ಗೊತ್ತಿದ್ದದ್ದೇ. ಆದರೂ, ಚಹಾದ ಬಟ್ಟಲು ಹಿಡಿದು ಅಕ್ಕ ಅದೇ ಹೊತ್ತಿಗೆ ಬಾಗಿಲಿಗೆ ಬಂದದ್ದರಿಂದ, ಬೇಗ ಮುಗಿಸಿ ಏಳಬೇಕು ಅನ್ನಿಸಿತು. ಪೆನ್‌ಡ್ರೈವಿನ ಸೋರ್ಸನ್ನು ಕಾಕಾನ ಫೋಲ್ಡರಿಗೇ ಸುರಿದು, ಮೇಕ್ ಎಂಬ ಆಜ್ಞೆ ಕೊಟ್ಟೆ. ಸೋರ್ಸನ್ನು ನೋಡಿ ಏನೇನು ಬೇಯಿಸಬೇಕೋ ಅಷ್ಟನ್ನೇ ಬೇಯಿಸುವ ಆಜ್ಞೆ ಅದು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯಿತು. ನಡುವೆ ಒಂದಿಷ್ಟು ಎಚ್ಚರಿಕೆಯ ಸಾಲು ಓಡಿದವು: ಈ ಕಡತದ ಕಾಲ ಕೋಟಿಗಟ್ಟಲೆ ಸೆಕೆಂಡು ಭವಿಷ್ಯದಲ್ಲಿದೆ ಎಂದು. ಭವಿಷ್ಯ ಇದ್ದರೆ ಒಳ್ಳೆಯದೇ ಅಲ್ಲವೇ, ನನ್ನ ಮಟ್ಟಿಗೆ ಅದೇ ಸುದ್ದಿ ಅಂದುಕೊಂಡೆ. ವರ್ಷ ಕೇಳಿತು, ಒತ್ತಿದೆ. ಪ್ರಿಂಟರು ಕಾಗದ ಉಗುಳಿತು. ಮಡಚಿ ಅಕ್ಕನ ಕೈಗೆ ಕೊಟ್ಟೆ.

ಗ್ಯಾಸಿನ ತಿರುವನ್ನು ಮೂರು ಸಲ ಆರಿಸುವ ನಾನು ಆ ಕಾಗದವನ್ನು ಒಂದು ಸಲವೂ ಬಿಚ್ಚಿ ನೋಡಲಿಲ್ಲ.

ನಾಗರ ಅಮಾಸಿ ಆದ ಮೇಲೆ ಭಾವನ ಫೋನು ಬಂತು. ಅಕ್ಕನ ಗಂಟಲಲ್ಲಿ ಗಂಟೊಂದು ಬೆಳೆದಿತ್ತು. ಸೊಲ್ಲಾಪುರದ ಡಾಕ್ಟರು ತೆಗೆಯಲೇಬೇಕು, ಬಿಟ್ಟರೆ ಕೆಟ್ಟದ್ದಕ್ಕೆ ತಿರುಗಬಹುದು ಎಂದಿದ್ದರು. ದೀವಳಿಗೆಯ ಮರುವಾರಕ್ಕೆ ದಿನ ಕೊಟ್ಟಿದ್ದರು.

"ಒಲ್ಲೆ ಅಂತಾಳ್ರಿ" ಎಂದ ಭಾವ. "ಎಷ್ಟ ಹೇಳಿದ್ರೂ ಒಂದ ಮಾತು. ನೀವ ಬಂದು ಹೇಳ್ರಿ. ಅದು ನೀವ ಕೊಟ್ಟ ಕಾಗದದ ಸಲುವಾಗಿ."

"ಯಾವ ಕಾಗದರಿ?"

"ಮಾನೌಮಿಗೆ ನಿಂತೈತಲ್ರಿ, ಅದು."

ಫೋನು ಇಟ್ಟು ಚೀಲ ಎತ್ತಿಕೊಂಡೆ. ನಾನು ಹೊರಟೆ. ಮೂರು ಬಸ್ಸು ಬದಲಿಸುವ ದಾರಿ. ಅಷ್ಟೂ ದಾರಿ ಒಂದೇ ಯೋಚನೆ: ಅಕ್ಕ ಸೊಲ್ಲಾಪುರಕ್ಕೆ ಹೋಗದಿದ್ದರೆ ಆ ಗಂಟು ಅಲ್ಲಿಯೇ ಬೆಳೆಯುತ್ತದೆ, ಆಗ ಪಟ್ಟಿ ನಿಜವಾಗುತ್ತದೆ, ಮಾನೌಮಿಗೆ ಅಲ್ಲದಿದ್ದರೂ ಅದರ ಮುಂದಿನ ಯಾವುದೋ ಅಮಾಸಿಗೆ. ಹಾಗಾದರೆ ಅದನ್ನು ನಿಜ ಮಾಡಿದವನು ನಾನು. ಇನ್ನೊಂದು ಯೋಚನೆಯೂ ಇತ್ತು, ಅದನ್ನು ಬಾಗೇವಾಡಿ ದಾಟಿದ ಮೇಲೆ ನನಗೇ ಒಪ್ಪಿಕೊಂಡೆ: ಪಟ್ಟಿಯಲ್ಲಿ ತಪ್ಪು ಸಿಗದಿದ್ದರೆ?

ಅಡಿಗೆಮನೆಯ ಬಾಗಿಲಿಗೆ ಆ ಕಾಗದ ಅಂಟಿಸಿತ್ತು. ಆರು ಸಾಲು. ಕೊನೆಯದು ಮಾನೌಮಿ ಅಮಾಸಿ. ಅದರ ಕೆಳಗಿನ ಬಿಳಿ ಜಾಗದಲ್ಲಿ ಒಗ್ಗರಣೆಯ ಎಣ್ಣೆ ಸಿಡಿದು ಕಲೆಗಳಾಗಿದ್ದವು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ತಿರುಗಿ ನೋಡಲಿಲ್ಲ.

"ಅಪ್ಪಂದೂ ಇಲ್ಲೇ ನಿಂತಿತ್ತು. ನೋಡೀಯಲ್ಲ?"

"ಅಕ್ಕಾ, ಕ್ಯಾಲೆಂಡರ್ ನೋಡು. ದೀವಳಿಗಿ ಅಮಾಸಿ ಐತಿ, ಎಳ್ಳಮಾಸಿ ಐತಿ, ಎಲ್ಲಾ ಅದಾವು."

"ಕ್ಯಾಲೆಂಡರ್ ಊರ ಮಂದೀದು. ಇದು ನನ್ನ ಮನೀದು." ರೊಟ್ಟಿ ಹಂಚಿಗೆ ಬಿತ್ತು. "ನೀ ಉಳದ ಮೂರ ಮನ್ಯಾಗ ಹನ್ನೆರಡು ತಗದಿ. ನನಗ ಆರು. ನೀ ಬೇಕಂತ ಮಾಡಿಲ್ಲ, ನನಗ ಗೊತ್ತೈತಿ. ನಿನಗ ಅಷ್ಟ ಧೈರ್ಯ ಎಲ್ಲೀದು?"

ಕೋಲಿಗೆ ಹೋಗಿ ಯಂತ್ರ ಹಚ್ಚಿದೆ.

"ಬಂದ್ಯಾ? ಚಾ ಕುಡದ ಕೂಡು."

ಈ ಸಲ ಮೊದಲು ದಿನಾಂಕ ಕೇಳಿದೆ. ಹೊರಗೆ ಶ್ರಾವಣದ ಮೋಡ. ಯಂತ್ರ ಮಾತ್ರ ಜನವರಿ ಒಂದು ಎಂದಿತು, ಅದೂ ಎಷ್ಟೋ ವರ್ಷ ಹಿಂದಿನದು, ಕಾಕಾನ ಮೀಸೆ ಇನ್ನೂ ಕರ್ರಗಿದ್ದ ಕಾಲದ್ದು. ಆರಿಸಿ, ಪ್ಲಗ್ ಕಿತ್ತು, ಮತ್ತೆ ಹಚ್ಚಿದೆ. ಮತ್ತೆ ಅದೇ ಜನವರಿ ಒಂದು. ಒಳಗಿನ ಗಡಿಯಾರ ನಡೆಸುವ ಗುಂಡಿಯಾಕಾರದ ಬ್ಯಾಟರಿ ಸತ್ತಿತ್ತು, ಅಷ್ಟೇ. ಲ್ಯಾಬಿನಲ್ಲಿ ಇಂಥದ್ದನ್ನು ವರ್ಷಕ್ಕೆ ಹತ್ತು ನೋಡುತ್ತೇನೆ. ಆದರೆ ಆ ಕೋಲಿಯಲ್ಲಿ, ಆ ಚೀಲಗಳ ನಡುವೆ ಕೂತು ನೋಡಿದಾಗ, ಪ್ರತಿ ಸಲ ಕಣ್ಣು ತೆರೆದಾಗಲೂ ಅದೇ ಒಂದು ಹಳೇ ಬೆಳಗಿಗೆ ಏಳುವ ಯಂತ್ರ ಅದು. ಅದರ ಪಾಲಿಗೆ ಕಾಕಾ ಸತ್ತಿಲ್ಲ. ಅವನು ಸಾಯುವುದು ಇನ್ನೂ ಬಹಳ ಮುಂದೆ ಇದೆ.

ಮತ್ತೊಮ್ಮೆ ಮೇಕ್ ಎಂದು, ಎಚ್ಚರಿಕೆಯ ಸಾಲುಗಳನ್ನು ಈ ಸಲ ನಿಧಾನಕ್ಕೆ ಓದಿದೆ. ಭವಿಷ್ಯದಿಂದ ಬಂದ ಕಡತಗಳು ಎಂದು ಯಂತ್ರ ಹೇಳಿದ್ದು ನಾನು ತಂದ ಸೋರ್ಸಿಗೆ ಅಲ್ಲ. ಕಾಕಾ ಹೋದ ವರ್ಷ ಅದೇ ಫೋಲ್ಡರಿನಲ್ಲಿ ಬೇಯಿಸಿಟ್ಟ ತುಣುಕುಗಳಿಗೆ. ಅವು ಗಡಿಯಾರ ಸರಿ ಇದ್ದ ಕಾಲದವು. ನಾನು ಸುರಿದ ಸೋರ್ಸಿಗೆ ಯಂತ್ರ ತನ್ನ ಹಳೇ ಜನವರಿಯ ಮೊಹರು ಒತ್ತಿತ್ತು. ಮೇಕ್ ಎರಡನ್ನೂ ಹೋಲಿಸಿ ನೋಡಿದೆ: ಹಿಟ್ಟು ಹಳೇದು, ಅಡಿಗೆ ಹೊಸದು, ಮತ್ತೆ ಯಾಕೆ ಬೇಯಿಸಬೇಕು? ಏನನ್ನೂ ಬೇಯಿಸಲಿಲ್ಲ. ಕಾಕಾನ ಕೈಯಡಿಗೆಯನ್ನೇ ಎತ್ತಿ ಬಡಿಸಿತು. ಹೋದ ವರ್ಷ ಆರಕ್ಕೆ ನಿಂತ ಪ್ರೋಗ್ರಾಮೇ ಈ ವರ್ಷವೂ ಓಡಿತ್ತು. ಈ ಮನೆಯ ಪಟ್ಟಿ ಈ ಮನೆಯಲ್ಲಿ ಆಗಿಯೇ ಇರಲಿಲ್ಲ. ಸಾಲೋಟಗಿಯ ತಂಗಳು ಅದು.

ಹಗುರಾಯಿತು. ಎದ್ದು ಅಕ್ಕನಿಗೆ ಹೇಳಬೇಕು ಅನ್ನುವಷ್ಟರಲ್ಲಿ ನನ್ನ ಸ್ವಭಾವ ಕಾಲು ಹಿಡಿದು ಕೂಡಿಸಿತು. ಕಾಕಾನದು ಆರಕ್ಕೆ ಯಾಕೆ ನಿಂತಿತ್ತು? ಆ ಸೋರ್ಸಿನ ಮೇಲೆ ನಾನೇ ನನ್ನದನ್ನು ಸುರಿದು ಅಳಿಸಿದ್ದೆ. ಆದರೆ ಸೋರ್ಸು ಬರೆಯಲು ಬಳಸುವ ಎಡಿಟರು ತಾನಾಗಿ ಒಂದು ಹಿಂದಿನ ಪ್ರತಿ ಉಳಿಸಿಕೊಂಡಿರುತ್ತದೆ. ಹುಡುಕಿದೆ, ಇತ್ತು. ತೆರೆದೆ. ಹನ್ನೆರಡು ಇರಬೇಕಾದ ಕಡೆ ಆರು. ಅದರ ಪಕ್ಕದಲ್ಲಿ, ಯಂತ್ರ ಓದದ, ಮನುಷ್ಯರಿಗಾಗಿಯೇ ಬರೆಯುವ ಟಿಪ್ಪಣಿಯ ಜಾಗದಲ್ಲಿ, ಕನ್ನಡದಲ್ಲಿ ಮೂರು ಶಬ್ದ:

"ಸದ್ಯಕ್ಕ ಆರು ಸಾಕು."

ಕಿಟಕಿಯ ಹೊರಗೆ ಕೋಳಿಯೊಂದು ಕೆದರುವ ಸದ್ದು ಕೇಳುತ್ತಿತ್ತು. ಏನೋ ಪರೀಕ್ಷೆಗೆ ಹಾಕಿದ್ದಿರಬೇಕು, ಎಲ್ಲರೂ ಹಾಕುತ್ತಾರೆ, ಪಟ್ಟಿ ಚಿಕ್ಕದಿದ್ದರೆ ನೋಡಲು ಸುಲಭ ಎಂದು ಒಳಗೊಳಗೇ ಹೇಳಿಕೊಂಡೆ. ಪರೀಕ್ಷೆಗೆ ಮೂರು ಹಾಕಬಹುದಿತ್ತು, ಐದು ಹಾಕಬಹುದಿತ್ತು. ಆರು ಯಾಕೆ? ಸದ್ಯಕ್ಕೆ ಅಂದರೆ ಎಲ್ಲಿಯವರೆಗೆ? ಯಾರಿಗೆ ಸಾಕು? ನಾಲ್ಕು ಊರಿನ ನಾಲ್ಕು ಕಂಪೈಲರುಗಳು ಕಣ್ಣೆತ್ತಿಯೂ ನೋಡದೆ ದಾಟುವ ಮೂರು ಶಬ್ದದ ಮುಂದೆ ನಾನು ಅಲ್ಲಾಡದೆ ಕೂತೆ. ಅಕ್ಕನಿಗೆ ಇದನ್ನು ತೋರಿಸಬಾರದು ಎಂದು ತೀರ್ಮಾನಿಸಿ ಮುಚ್ಚಲು ಕೈ ಚಾಚಿದೆ.

"ಏನದು?" ಅಕ್ಕ ಹಿಂದೆ ನಿಂತಿದ್ದಳು. ಕೈಯಲ್ಲಿ ಚಹಾ. ಯಾವಾಗ ಬಂದಳೋ.

"ಏನಿಲ್ಲಕ್ಕ."

"ಸರಿ ಬಾಜೂಕ."

ಬಾಗಿ ಓದಿದಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ನುಂಗಿದಾಗ ಆ ಗಂಟು ಮೇಲೆ ಹೋಗಿ ಕೆಳಗೆ ಬಂತು. ಮತ್ತೊಮ್ಮೆ ಓದಿದಳು, ಈ ಸಲ ಬಾಯಿ ಬಿಟ್ಟು. ಆಮೇಲೆ ನಕ್ಕಳು. ಎಂಥ ನಗು ಎಂದರೆ ಚಹಾ ಚೆಲ್ಲಿ ನನ್ನ ಧೋತರಕ್ಕೆ ಬಿತ್ತು.

"ಅಪ್ಪ ಉಣ್ಣಾಕ ಕುಂತ್ರ ಏನಂತಿದ್ದ ನೆನಪೈತೇನ ನಿನಗ? 'ಸದ್ಯಕ್ಕ ಎರಡು ರೊಟ್ಟಿ ಸಾಕವ್ವಾ.' ಎರಡು ತಿಂದು ತಾಟು ಮುಂದ ದೂಡತಿದ್ದ. ಮತ್ತ ಎರಡು. ಆಮ್ಯಾಲ 'ಸದ್ಯಕ್ಕ ಒಂದು.' ಐದು ತಿನ್ನದ ಎದ್ದಾಂವ ಅಲ್ಲ. ಒಮ್ಮೆಲೇ ಐದು ಹಾಕು ಅಂತ ಒಂದ ದಿವಸ ಅಂದಿಲ್ಲ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಉಳದ ಆರು ಕೇಳಾಂವ ಇದ್ದ ಅಂವ. ತಾಟು ದೂಡಾಕ ಆಗಲಿಲ್ಲ, ಅಷ್ಟ."

ಅಷ್ಟೇ ಇರಬಹುದು. ನನಗೆ ಪೂರ್ತಿ ನಂಬಿಕೆ ಬರಲಿಲ್ಲ, ನನಗೆ ಯಾವುದರ ಮೇಲೂ ಬರುವುದಿಲ್ಲ. ಆದರೆ ಅಲ್ಲಿ ನಂಬಬೇಕಾದವನು ನಾನಲ್ಲ.

ತಂಗಳ ತುಣುಕುಗಳ ಸಂಗತಿ ಹೇಳಿದೆ. ಅವನ್ನು ಅಳಿಸಿದರೆ ಮಾತ್ರ ಈ ಮನೆಯ ಒಲೆ ಹತ್ತುತ್ತದೆ, ಅಳಿಸಿದರೆ ಕಾಕಾ ಕೊನೆಗೆ ಬೇಯಿಸಿದ್ದು ಹೋಗುತ್ತದೆ ಎಂದೆ. ಜೋಳದ ಹಿಟ್ಟು ಅಂಟಿದ ಅಕ್ಕನ ಬೆರಳು ಮುಂದೆ ಬಂತು.

"ಯಾವದ ಒತ್ತಬೇಕ ಹೇಳು. ನನ್ನ ಮನೀ ಒಲಿ, ನಾ ಹಚ್ಚತೇನಿ."

ಅಳಿಸುವ ಆಜ್ಞೆ ನಾನು ಬರೆದೆ, ಎಂಟರ್ ಅವಳು ಒತ್ತಿದಳು. ಕಾಕಾನ ತುಣುಕುಗಳು ಹೋದವು. ಮೇಕ್ ಎಂದೆವು. ಈ ಸಲ ಹೊತ್ತು ಹಿಡಿಯಿತು. ಹಳೇ ಯಂತ್ರ ಏದುತ್ತ ಒಂದೊಂದೇ ಸಾಲು ಬೇಯಿಸಿತು. ಭವಿಷ್ಯದ ಎಚ್ಚರಿಕೆ ಮಾತ್ರ ಒಂದು ಉಳಿದೇ ಇತ್ತು. ಅಡಿಗೆಯ ಕ್ರಮ ಬರೆದಿಟ್ಟ ಮೇಕ್‌ಫೈಲ್ ಇನ್ನೂ ಕಾಕಾನದೇ. ಅವನು ಈಗಲೂ ಕೋಟಿಗಟ್ಟಲೆ ಸೆಕೆಂಡು ಮುಂದೆ ನಿಂತು ಹೀಗೆ ಮಾಡಿ ಎಂದು ಹೇಳುತ್ತಿದ್ದ.

ಕಾಗದ ಬಂತು. ಅಕ್ಕ ಬೆರಳಿಟ್ಟು ಎಣಿಸಿದಳು. ದೀವಳಿಗಿ, ಛಟ್ಟಿ, ಎಳ್ಳಮಾಸಿ, ಅವರಾತ್ರಿ, ಶಿವರಾತ್ರಿ, ಉಗಾದಿ. ಹನ್ನೆರಡು.

ನಾನು ಬಜಾರಿಗೆ ಹೋಗಿ ಗುಂಡಿ ಬ್ಯಾಟರಿ ತಂದೆ. ಹಾಕಲು ಸ್ಕ್ರೂ ಬಿಚ್ಚುತ್ತಿದ್ದಾಗ ಅಕ್ಕ ಬಂದು ತಡೆದಳು.

"ಈಗ ಬ್ಯಾಡ. ನಾ ಸೊಲ್ಲಾಪುರದಿಂದ ತಿರುಗಿ ಬಂದ ಮ್ಯಾಲ ಹಾಕು. ಅಲ್ಲೀತನಾ ಅಪ್ಪ ಅದರೊಳಗ ಇರಲಿ."

ಬ್ಯಾಟರಿ ಅಂಗಿಯ ಕಿಸೆಯಲ್ಲಿ ಇಂಡಿಗೆ ಬಂತು. ಮಾನೌಮಿ ಅಮಾಸಿಯ ದಿನ ಅಕ್ಕನಿಗೆ ಏಳು ಸಲ ಫೋನು ಮಾಡಿದೆ. ಏಳನೇ ಸಲ "ಇನ್ನೂ ಸತ್ತಿಲ್ಲೋ, ಇಡು ಫೋನ" ಎಂದಳು. ದೀವಳಿಗೆಯ ಮರುವಾರ ಸೊಲ್ಲಾಪುರದ ಆಸ್ಪತ್ರೆಯ ಓಣಿಯಂಥ ವರಾಂಡದಲ್ಲಿ ಭಾವ ಮತ್ತು ನಾನು ಎದುರುಬದುರು ಕೂತಿದ್ದೆವು. ನನ್ನ ಕೈ ಕಿಸೆಯೊಳಗೆ ಆ ಬ್ಯಾಟರಿಯನ್ನು ತಿರುವುತ್ತಲೇ ಇತ್ತು. ಗಂಟು ತೆಗೆದರು. ಪರೀಕ್ಷೆಗೆ ಕಳಿಸಿದರು, ಕೆಟ್ಟದ್ದಲ್ಲ ಎಂದು ಬಂತು. ಧ್ವನಿ ಮಾತ್ರ ಒಡೆದಿತ್ತು.

ಎಳ್ಳಮಾಸಿಗೆ ಮುದ್ದೇಬಿಹಾಳಕ್ಕೆ ಹೋದೆ. ಪಟ್ಟಿಯಲ್ಲಿ ಬರೆದ ಗಳಿಗೆಗೆ ಟ್ರ್ಯಾಕ್ಟರಿನ ಚಾವಿ ಜಗಲಿ ಏರಿತು. ಮರುದಿನ ಬಿಳಿಜೋಳದ ನಡುವೆ ಅಕ್ಕ ಚರಗದ ಬುಟ್ಟಿ ಹಿಡಿದು ನಡೆದಳು. "ಹುಲ್ಲುಲ್ಲಿಗ್ಯೋ" ಎಂದು ಚರಗದ ಕೂಗು ಹಾಕಲು ಅವಳಿಗೆ ಆಗುತ್ತಿರಲಿಲ್ಲ. ಭಾವ ಕೂಗಿದ, ಅವಳು ಚೆಲ್ಲಿದಳು. ಆಚೆ ಹೊಲದಿಂದ ಯಾರೋ ತಿರುಗಿ ಕೂಗಿದರು. ಆ ಹೊಲಕ್ಕೆ ಆ ಹೊತ್ತಿಗೆ ಯಾರೂ ಬಂದಂತೆ ನನಗೆ ಕಾಣಲಿಲ್ಲ. ಜೋಳ ಎದೆಮಟ್ಟ ಬೆಳೆದಿತ್ತು, ಮಂದಿ ಕಾಣದೆ ಇರಬಹುದು ಅಂದುಕೊಂಡೆ.

ಉಂಡ ಮೇಲೆ ಮನೆಗೆ ಬಂದು "ಹಾಕಲೇನಕ್ಕ?" ಎಂದೆ. ಹೂಂ ಎಂದು ತಲೆಯಾಡಿಸಿದಳು.

ಬ್ಯಾಟರಿ ಕೂಡಿಸಿ, ಕಾಲ ತಿದ್ದಿ, ಮೇಕ್ ಎಂದೆ. ಎಲ್ಲ ಆಗಿಯೇ ಇದೆ, ಹೊಸದಾಗಿ ಮಾಡುವುದು ಏನೂ ಇಲ್ಲ ಎಂದು ಒಂದು ಸಾಲು ಬಂತು. ಎಚ್ಚರಿಕೆ ಒಂದೂ ಬರಲಿಲ್ಲ. ಭವಿಷ್ಯದಲ್ಲಿ ಯಾವ ಕಡತವೂ ಉಳಿದಿರಲಿಲ್ಲ. ಸರಿಯಾಗಿಯೇ ಇತ್ತು. ಆದರೂ ಗ್ಯಾಸಿನ ತಿರುವು ನೋಡಿದ ಹಾಗೆ ಇನ್ನೊಂದು ಸಲ ಕೇಳಿದೆ, ಮತ್ತೊಂದು ಸಲ ಕೇಳಿದೆ. ಅದೇ ಒಂದು ಸಾಲು. ಬಾಗಿಲಲ್ಲಿ ನಿಂತಿದ್ದ ಅಕ್ಕ ಒಡೆದ ಧ್ವನಿಯಲ್ಲಿ, ಗಂಡಸಿನ ದನಿಯಂತೆ ಕೇಳುವ ಆ ಹೊಸ ಧ್ವನಿಯಲ್ಲಿ ಅಂದಳು:

"ಸದ್ಯಕ್ಕ ಸಾಕು. ಏಳು, ಚಾ ಆರಿ ಹೊಂಟೈತಿ."